ಮೇ ಮೂವತ್ತೊಂದರ ಗೆರೆ

ಬದಿಯಡ್ಕದ ಸಮೀಪದ ಮನೆಯೊಂದರ ಚಾವಡಿಯಲ್ಲಿ ಎರಡು ಪ್ರಮಾಣಪತ್ರಗಳು ಪಕ್ಕಪಕ್ಕದಲ್ಲಿ ತೂಗುತ್ತಿವೆ. ಎರಡರ ಮೇಲೂ ಇನ್‌ಸ್ಟಿಟ್ಯೂಶನ್ ಆಫ್ ಎಂಜಿನಿಯರ್ಸ್‌ನ ಮುದ್ರೆಯಿದೆ. ಒಂದು ಅಣ್ಣನದು, ಇನ್ನೊಂದು ತಮ್ಮನದು. ಅಣ್ಣ ಪುಸ್ತಕದ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನೇ ತಮ್ಮನೂ ಓದಿದ್ದ. ಆದರೂ ಒಂದನ್ನು ಪದವಿಗೆ ಸಮಾನವೆಂದು ಸರ್ಕಾರ ಒಪ್ಪುತ್ತದೆ, ಮತ್ತೊಂದನ್ನು ಒಪ್ಪುವುದಿಲ್ಲ.

1920ರಲ್ಲಿ ಹುಟ್ಟಿ 1935ರಲ್ಲಿ ರಾಜಸನ್ನದು ಪಡೆದ ಈ ಸಂಸ್ಥೆಯ ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ. ಕಾಲೇಜಿನ ಮೆಟ್ಟಿಲೇರಲಾಗದ ದುಡಿಮೆಗಾರರು ಮನೆಯಲ್ಲೇ ಓದಿ, ಅದು ನಡೆಸುವ ಎ.ಎಂ.ಐ.ಇ. ಪರೀಕ್ಷೆಯ ‘ಎ’ ಮತ್ತು ‘ಬಿ’ ವಿಭಾಗಗಳನ್ನು ದಾಟಿ ಎಂಜಿನಿಯರರೆನಿಸಿಕೊಳ್ಳುತ್ತಿದ್ದರು. ವೃತ್ತಿನಿರತರ ಸಂಘವೊಂದು ಬಡವರಿಗೆ ತೆರೆದ ಇಂತಹ ಹಿಂಬಾಗಿಲು ಮುಂಬಾಗಿಲಿಗಿಂತ ಗೌರವದ್ದೇ.

ಅಣ್ಣ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರು. ಡಿಪ್ಲೊಮಾ ಮುಗಿಸಿ ಕಟ್ಟಡ ಕಾಮಗಾರಿಯ ಮೇಲ್ವಿಚಾರಣೆಗೆ ಸೇರಿದರು. ಹಗಲು ಸಿಮೆಂಟಿನ ಧೂಳು, ರಾತ್ರಿ ಇಂಗ್ಲಿಷ್ ಪುಸ್ತಕ. ಗಣಿತದಲ್ಲಿ ಮೂರು ಸಲ ಬಿದ್ದರು. ಎಂಟು ವರ್ಷ ಹಿಡಿಯಿತು. ಆದರೆ ಮೇಲಿನ ಹುದ್ದೆ ದೊರೆಯಿತು.

ತಮ್ಮನೂ 2013ರ ಏಪ್ರಿಲಿನಲ್ಲಿ ಹೆಸರು ನೋಂದಾಯಿಸಬೇಕೆಂದಿದ್ದ. ಅಕ್ಕನ ಮದುವೆ ನಿಶ್ಚಯವಾಗಿ, ಶುಲ್ಕಕ್ಕೆ ಎತ್ತಿಟ್ಟಿದ್ದ ಹಣ ಚಪ್ಪರಕ್ಕೆ ಹೋಯಿತು. ಮಳೆಗಾಲ ಕಳೆದ ಮೇಲೆ ನೋಂದಾಯಿಸಿದ. ಆ ವರ್ಷದ ಮೇ 31ರ ವರೆಗೆ ನೋಂದಾಯಿಸಿಕೊಂಡವರಿಗೆ ಮಾತ್ರ ಸಮಾನತೆ ಎಂದು ಕೇಂದ್ರ ಸರ್ಕಾರ ಗೆರೆ ಎಳೆದಿತ್ತು. ಆ ಸುದ್ದಿ ಈ ಮನೆಗೆ ತಲುಪಿದ್ದು ಆರು ವರ್ಷಗಳ ಬಳಿಕ, ಸಂದರ್ಶನದ ಮೇಜಿನ ಮುಂದೆ. ಗುಮಾಸ್ತರು ಅಂಕಗಳನ್ನು ನೋಡಲೇ ಇಲ್ಲ, ನೋಂದಣಿಯ ದಿನಾಂಕವನ್ನಷ್ಟೇ ನೋಡಿದರು.

ಲೆಕ್ಕಪರಿಶೋಧಕರ ಸಂಸ್ಥೆಯ ಮಾತು ಬೇರೆ. 1949ರ ಕಾಯಿದೆಯೇ ಅದನ್ನು ಸ್ಥಾಪಿಸಿತು. ಆ ವೃತ್ತಿಯ ಬೀಗದ ಕೈ ಅದರ ಬಳಿಯೇ ಇದೆ. ಎಂಜಿನಿಯರರ ಸಂಘಕ್ಕೆ ಸನ್ನದಿನ ಘನತೆಯಿತ್ತಾದರೂ ಸಮಾನತೆಯೆಂಬುದು ಸರ್ಕಾರದ ಕೈಯಲ್ಲಿತ್ತು. ಗುಣಮಟ್ಟದ ಕುರಿತು ಸರ್ಕಾರಕ್ಕೆ ಸಂಶಯವಿದ್ದಿರಬಹುದು. ಆದರೆ ಅದರ ಭಾರ ಹೊತ್ತವನು ಇರುಳು ನಿದ್ದೆಗೆಟ್ಟು ಓದಿದವನು.

ತಮ್ಮ ಈಗಲೂ ಮೇಲ್ವಿಚಾರಕನೇ. ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಲು ತಾಯಿ ಬಿಡಲಿಲ್ಲ. ಮೊನ್ನೆ ನೆರೆಮನೆಯ ಹುಡುಗನೊಬ್ಬ ಬೇರಾವುದೋ ಸಂಘದ ಕೋರ್ಸಿನ ಅರ್ಜಿ ಹಿಡಿದು ಬಂದಾಗ, ಅಣ್ಣ ಪುಸ್ತಕದ ಕಪಾಟಿನ ಬಾಗಿಲು ತೆರೆಯಲಿಲ್ಲ. “ಮೊದಲು ಅವರಿಗೊಂದು ಕಾಗದ ಬರೆ ಮಾರಾಯ. ಈ ಸರ್ಟಿಫಿಕೇಟನ್ನು ಯಾರು ಒಪ್ಪುತ್ತಾರೆ, ಎಲ್ಲಿಯವರೆಗೆ ಒಪ್ಪುತ್ತಾರೆ ಎಂದು ಕೇಳು. ಉತ್ತರ ಬರಹದಲ್ಲೇ ಬರಲಿ,” ಎಂದರು. ಅರ್ಜಿಯ ಹಿಂಬದಿಯಲ್ಲಿ ಆ ಪ್ರಶ್ನೆಗಳನ್ನು ಬರೆದುಕೊಟ್ಟವನು ತಮ್ಮ.