ಚಂಗಡಿ ಕಾಡಿನ ಗುಂಡು ಯಾರದು?

ಯಳಂದೂರಿಗೆ ಬಂದವರು ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ನೋಡದೆ ಹೋಗುವುದಿಲ್ಲ. ಹದಿನಾಡಿನ ಪಾಳೆಯಗಾರರ ಕಾಲದ ಶಿಲ್ಪಿಗಳು ಕಲ್ಲಿನಲ್ಲೇ ಬಳೆ ಬಳೆಯಾಗಿ ಕಡೆದು ತೂಗಬಿಟ್ಟ ಸರಪಳಿಯನ್ನು ಕತ್ತೆತ್ತಿ ನೋಡಿ, ದಿವಾನ್ ಪೂರ್ಣಯ್ಯನವರ ಜಹಗೀರಿಯ ಊರು ಇದೇ ಎಂದು ಮಕ್ಕಳಿಗೆ ಹೇಳಿ, ಬಿಳಿಗಿರಿರಂಗನ ಬೆಟ್ಟದ ಬಸ್ಸಿಗೆ ಕಾಯುತ್ತ ಚಹಾದಂಗಡಿಯಲ್ಲಿ ಕೂರುತ್ತಾರೆ. ಅವರಲ್ಲಿ ಯಾರಾದರೂ ‘ನಾವು ಬಿಳಿಗಿರಿಗಲ್ಲ, ಕಾಮಗೆರೆ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗುವವರು’ ಎಂದರೆ ಸಾಕು, ಪಕ್ಕದ ಬೆಂಚಿನವರ ಕಿವಿ ನಿಮಿರುತ್ತದೆ. ಕಾಮಗೆರೆಯೆಂಬ ಹೆಸರು ಬಂದ ಮೇಲೆ ಆ ಪ್ರಶ್ನೆಯೂ ಬರಲೇಬೇಕು: ನಾಗಪ್ಪನವರನ್ನು ಕೊಂದದ್ದು ಯಾರು?

ನಡೆದದ್ದು ಹೀಗೆ. 2002ರ ಆಗಸ್ಟ್ 25ರ ಭಾನುವಾರ ರಾತ್ರಿ ವೀರಪ್ಪನ್ ಮತ್ತು ಅವನ ಸಹಚರರು ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯ ಅವರ ಮನೆಯಿಂದಲೇ ಎಳೆದೊಯ್ದರು. ಮೂರೂವರೆ ತಿಂಗಳು ಕ್ಯಾಸೆಟ್ಟುಗಳು ಬಂದವು, ಬೇಡಿಕೆಗಳು ಬಂದವು, ಸಂಧಾನಕ್ಕೆ ಯಾರನ್ನು ಕಳಿಸಬೇಕೆಂಬ ಚರ್ಚೆ ಬೆಂಗಳೂರು, ಚೆನ್ನೈಗಳ ನಡುವೆ ಓಡಾಡಿತು. ನಾಗಪ್ಪನವರು ಮಾತ್ರ ಬರಲಿಲ್ಲ. ಡಿಸೆಂಬರ್ 8ರಂದು, ಅದೂ ಒಂದು ಭಾನುವಾರವೇ, ಮಹದೇಶ್ವರ ಬೆಟ್ಟದ ಸೀಮೆಯ ಚಂಗಡಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ತಮಿಳುನಾಡಿನ ಕಾರ್ಯಪಡೆಯ ಗುಂಡಿಗೆ ಅವರು ಬಲಿಯಾದರು ಎಂದು ವೀರಪ್ಪನ್ ಕ್ಯಾಸೆಟ್ ಕಳಿಸಿದ. ತಮಿಳುನಾಡು ಸರ್ಕಾರ ಅದನ್ನು ಸಾರಾಸಗಟಾಗಿ ಅಲ್ಲಗಳೆಯಿತು.

ಈ ಎರಡು ಮಾತುಗಳ ನಡುವಿನ ಜಾಗದಲ್ಲಿ ಯಳಂದೂರು, ಕೊಳ್ಳೇಗಾಲ, ಹನೂರುಗಳ ಸ್ವಯಂಘೋಷಿತ ಪತ್ತೇದಾರರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬಿಡಾರ ಹೂಡಿದ್ದಾರೆ.

ಕಾಡಿನಿಂದ ದೂರ, ಖಚಿತಕ್ಕೆ ಹತ್ತಿರ

ಯಳಂದೂರಿನ ಪತ್ತೇದಾರರಿಗೆ ಅನುಮಾನವೆಂಬುದೇ ಇಲ್ಲ. ನಿವೃತ್ತ ಮೇಷ್ಟ್ರು, ಗೊಬ್ಬರದಂಗಡಿಯವರು, ಕಚೇರಿ ಕೆಲಸಕ್ಕೆಂದು ಹಳ್ಳಿಯಿಂದ ಬಂದು ಸಾಹೇಬರು ಸಿಗದೆ ಕೂತವರು, ಒಬ್ಬೊಬ್ಬರದೂ ಒಂದೊಂದು ತೀರ್ಪು. ಮೇಜಿನ ಮೇಲೆ ಚೆಲ್ಲಿದ ನೀರಿನಲ್ಲೇ ನಕ್ಷೆ ಬರೆಯುತ್ತಾರೆ. ಇದು ಬೆಟ್ಟ, ಇದು ಪಾಲಾರ್ ಸೇತುವೆ, ಇದು ಗಡಿ, ಇಲ್ಲಿ ಚಂಗಡಿ. ಶವ ಸಿಕ್ಕಿದ್ದು ಕರ್ನಾಟಕದ ಕಾಡಿನಲ್ಲಿ. ಹಾಗಿರುವಾಗ ತಮಿಳುನಾಡಿನವರ ಗುಂಡು ಎಲ್ಲಿಂದ ಬಂತು ಎಂದು ಒಬ್ಬರು. ಎರಡೂ ರಾಜ್ಯದ ಪಡೆಗಳು ಸುತ್ತಿದ್ದು ಒಂದೇ ಕಾಡನ್ನಲ್ಲವೇ, ಬಿದಿರ ಮೆಳೆಯೊಳಗೆ ಗಡಿಕಲ್ಲು ನೋಡಿಕೊಂಡು ನಡೆಯುವವರು ಯಾರು ಎಂದು ಇನ್ನೊಬ್ಬರು. ಒತ್ತೆಯಾಳು ಬದುಕಿದ್ದರೆ ತಾನೇ ಬೆಲೆ, ಕೊಂದು ವೀರಪ್ಪನ್‌ಗೆ ಆಗಬೇಕಾದ್ದೇನಿತ್ತು ಎಂಬುದು ಮೂರನೆಯವರ ಪಾಯಿಂಟು. ಬೇಡಿಕೆ ಈಡೇರದ ಸಿಟ್ಟಿಗೆ ಲೆಕ್ಕಾಚಾರ ಇರುತ್ತದೆಯೇ ಎಂದು ಅದಕ್ಕೆ ಉತ್ತರ.

ಅರ್ಧ ಗಂಟೆಯ ದಾರಿ ಸವೆಸಿ ಕೊಳ್ಳೇಗಾಲಕ್ಕೆ ಬಂದರೆ ಚರ್ಚೆಯ ಧಾಟಿ ಬದಲಾಗುತ್ತದೆ. ಇದು ರೇಷ್ಮೆಯ ಊರು. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಊರು. ಕನ್ನಡ, ತಮಿಳು ಎರಡನ್ನೂ ಬಲ್ಲ ಹಿರಿಯರು ಇಲ್ಲಿ ಸಾಕಷ್ಟು. ಹೀಗಾಗಿ ಎರಡೂ ಕಡೆಯ ಪತ್ರಿಕೆಗಳು ಬರೆದದ್ದನ್ನು ಹೋಲಿಸಿ ನೋಡುವ ವಿದ್ಯೆ ಇಲ್ಲಿನವರಿಗೆ ಕರಗತ. ಇವರು ಗುಂಡಿನಿಂದ ಶುರು ಮಾಡುವುದಿಲ್ಲ, ರಾಜ್‌ಕುಮಾರ್ ಅವರಿಂದ ಶುರು ಮಾಡುತ್ತಾರೆ. 2000ದ ಜುಲೈ 30ರಂದು ಗಾಜನೂರಿನಿಂದ ಅಪಹೃತರಾದ ಅಣ್ಣಾವ್ರು 108 ದಿನಗಳ ನಂತರ, ನವೆಂಬರ್ 15ರಂದು ಬಿಡುಗಡೆಯಾದರು. ಆಗ ಇದ್ದ ಧಾವಂತ ನಾಗಪ್ಪನವರ ವಿಷಯದಲ್ಲಿ ಏಕೆ ಇರಲಿಲ್ಲ? ಒಮ್ಮೆ ಬಗ್ಗಿದ ಸರ್ಕಾರಕ್ಕೆ ಎರಡನೇ ಸಲ ಬಗ್ಗುವ ಧೈರ್ಯವಿರಲಿಲ್ಲವೇ? ನಟನಿಗೊಂದು, ಹಳ್ಳಿಯ ರಾಜಕಾರಣಿಗೊಂದು ನ್ಯಾಯವೇ?

ಇದಕ್ಕೆ ಎದುರುವಾದವೂ ಉಂಟು. ಕಾಡುಗಳ್ಳನ ಬೇಡಿಕೆಗೆ ಮಣಿದು ಟಾಡಾ ಬಂದಿಗಳನ್ನು ಬಿಡಲು ಹೊರಟಿದ್ದಕ್ಕೆ 2000ದಲ್ಲೇ ಸುಪ್ರೀಂ ಕೋರ್ಟ್ ಎರಡೂ ಸರ್ಕಾರಗಳ ಕಿವಿ ಹಿಂಡಿತ್ತು. ಅದಾದ ಮೇಲೆ ಯಾವ ಮುಖ್ಯಮಂತ್ರಿಗಾದರೂ ಕೈ ಕಟ್ಟಿದಂತೆಯೇ ಎನ್ನುತ್ತಾರೆ ಕೋರ್ಟಿನ ಬಳಕೆ ಇರುವವರು. ರೇಷ್ಮೆಗೂಡಿನ ದರದಿಂದ ಆರಂಭವಾದ ಮಾತು ಹೀಗೆ ಸಂವಿಧಾನದವರೆಗೆ ಹೋಗಿ ಊಟದ ಹೊತ್ತಿಗೆ ಮುಗಿಯುತ್ತದೆ. ತೀರ್ಪು ಮಾತ್ರ ಮುಂದಿನ ವಾರಕ್ಕೆ.

ತಗ್ಗಿದ ದನಿ

ಕೊಳ್ಳೇಗಾಲ ಬಿಟ್ಟ ಬಸ್ಸು ಮಧುವನಹಳ್ಳಿ ದಾಟಿ ಹನೂರಿನ ಕಡೆ ಸಾಗುತ್ತದೆ. ಹಿಪ್ಪುನೇರಳೆ, ಕಬ್ಬು, ಅರಿಸಿನದ ಹೊಲಗಳು. ದೂರದಲ್ಲಿ ನೀಲಿಗಟ್ಟಿದ ಬೆಟ್ಟಸಾಲು. ನಡುವೆ ಸಿಗುವುದೇ ಕಾಮಗೆರೆ. ಹೋಲಿ ಕ್ರಾಸ್ ಆಸ್ಪತ್ರೆಯಿಂದಾಗಿ ಸುತ್ತಣ ಹಳ್ಳಿಗಳಿಗೆಲ್ಲ ಪರಿಚಿತವಾದ ಊರು. ಮಾಜಿ ಮಂತ್ರಿಯೊಬ್ಬರನ್ನು ಮನೆಯಿಂದ ಹೊತ್ತೊಯ್ಯಬಹುದಾದಷ್ಟು ನಿರ್ಜನ ಜಾಗವೇನಲ್ಲ. ಹೊಸಬರಿಗೆ ಮೊದಲು ಆಶ್ಚರ್ಯ ಹುಟ್ಟಿಸುವುದು ಇದೇ.

ಇಲ್ಲಿ ನಾಗಪ್ಪನವರು ‘ಕೇಸು’ ಅಲ್ಲ. ಮಗಳ ಮದುವೆಗೆ ಬಂದಿದ್ದವರು, ವರ್ಗಾವಣೆಗೆ ಕಾಗದ ಕೊಟ್ಟವರು, ಎದುರು ಪಕ್ಷದವರಾದರೂ ಹೆಸರು ಹಿಡಿದು ಕರೆದವರು. ಅವರ ಪತ್ನಿ ಪರಿಮಳಾ ನಾಗಪ್ಪ 2004ರ ಚುನಾವಣೆಯಲ್ಲಿ ಹನೂರು ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು. ಇಂಥ ಊರಿನಲ್ಲಿ ಹೊರಗಿನವರು ಬಂದು ಗುಂಡು ಎದೆಗೋ ಬೆನ್ನಿಗೋ ಎಂದು ಕೇಳಿದರೆ ಉತ್ತರ ಬರುತ್ತದೆ, ಆದರೆ ದನಿ ತಗ್ಗಿರುತ್ತದೆ. ಕೊಲೆಯ ಹಿಂದೆ ರಾಜಕೀಯದ ನೆರಳು ಹುಡುಕಿ, ಪುರಾವೆಯಿಲ್ಲದೆ ಹೆಸರು ಹೇಳುವ ಬೇರೆ ಊರಿನ ಪತ್ತೇದಾರರ ಬಗ್ಗೆ ಇಲ್ಲಿನವರಿಗೆ ಅಷ್ಟೇನೂ ಗೌರವವಿಲ್ಲ. ‘ನೋಡ್ದೋರ್ ಯಾರು ಕನಣ್ಣ?’ ಎಂಬ ಒಂದೇ ಮಾತಿಗೆ ಅವರ ವಾದವನ್ನು ತಳ್ಳಿಹಾಕುತ್ತಾರೆ.

ನೋಡಿರಬಹುದಾದವರೂ ಈಗಿಲ್ಲ. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ತಮಿಳುನಾಡು ಕಾರ್ಯಪಡೆ ಆಂಬುಲೆನ್ಸೊಂದನ್ನು ಅಡ್ಡಗಟ್ಟಿ ಗುಂಡು ಹಾರಿಸಿದಾಗ ವೀರಪ್ಪನ್ ಜೊತೆಗೆ ಸೇತುಕುಳಿ ಗೋವಿಂದನ್, ಚಂದ್ರೇಗೌಡ, ಸೇತುಮಣಿ ಮೂವರೂ ಸತ್ತರು. ಕ್ಯಾಸೆಟ್ಟಿನಲ್ಲಿ ಮಾತಾಡಿದವನು ಹೋದ. ಪಕ್ಕದಲ್ಲಿ ಕೂತು ಕೇಳಿದವರೂ ಹೋದರು. ಆ ಸಾವಿನ ಬಗ್ಗೆಯೇ ಮತ್ತೊಂದು ಪತ್ತೇದಾರಿ ಶುರುವಾಯಿತು. ಅವನು ಸತ್ತದ್ದು ಆಂಬುಲೆನ್ಸಿನಲ್ಲೇ, ಅಥವಾ ಮೊದಲೇ ಸಿಕ್ಕಿಬಿದ್ದಿದ್ದನೇ, ಊಟದಲ್ಲಿ ಏನಾದರೂ ಬೆರೆಸಿದ್ದರೇ ಎಂದು. ಅವನು ಕಾಡಿನಲ್ಲಿ ಹೂತಿಟ್ಟ ಹಣದ ವದಂತಿಗೂ ಸಾವಿಲ್ಲ. ನಾಗಪ್ಪನವರ ಅಪಹರಣದ ಕಾಲದ ಇಬ್ಬರು ಮುಖ್ಯಮಂತ್ರಿಗಳೂ ಈಗಿಲ್ಲ. ಜಯಲಲಿತಾ 2016ರಲ್ಲಿ, ಎಸ್.ಎಂ. ಕೃಷ್ಣ 2024ರಲ್ಲಿ ತೀರಿಕೊಂಡರು.

ಊಹೆಗೆ ತೆತ್ತ ಬೆಲೆ

ಕೊಳ್ಳೇಗಾಲದಿಂದ ಸುಮಾರು 25 ಕಿ.ಮೀ. ದೂರದ ಹನೂರು ಹಿಂದೆ ಕೊಳ್ಳೇಗಾಲ ತಾಲ್ಲೂಕಿನ ಹೋಬಳಿ. ಈಗ ಪ್ರತ್ಯೇಕ ತಾಲ್ಲೂಕು. ಇದನ್ನು ದಾಟಿದರೆ ದಾರಿಯ ಹೆಸರುಗಳೆಲ್ಲ ಹಳೆಯ ಪತ್ರಿಕೆಗಳ ಮುಖಪುಟದವು. ರಾಮಾಪುರದ ಪೊಲೀಸ್ ಠಾಣೆಗೆ 1992ರ ಮೇ ತಿಂಗಳಲ್ಲಿ ನುಗ್ಗಿದ ತಂಡ ಐವರು ಪೊಲೀಸರನ್ನು ಕೊಂದು ಬಂದೂಕುಗಳನ್ನು ದೋಚಿತು. ಅದೇ ವರ್ಷ ಆಗಸ್ಟ್ 14ರಂದು ಮಿಣ್ಯಂ ಬಳಿ ಮೈಸೂರು ಎಸ್ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಜೊತೆಗಿದ್ದ ಕಾನ್‌ಸ್ಟೇಬಲ್‌ಗಳು ಹತರಾದರು. ಮಾಹಿತಿದಾರನನ್ನು ಮುಂದಿಟ್ಟು ಪೊಲೀಸರು ಒಡ್ಡಿದ್ದ ಬಲೆಯನ್ನೇ ವೀರಪ್ಪನ್ ಅವರ ಮೇಲೆ ತಿರುಗಿಸಿದ್ದ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿಯ ನೆಲಬಾಂಬಿಗೆ 22 ಜನ ಸತ್ತರು. ಅವರಲ್ಲಿ ಬಹುಪಾಲು ಪೊಲೀಸರಿಗೆ ನೆರವಾಗಲು ಹೋದ ಮಾಹಿತಿದಾರರು.

‘ಮಾಹಿತಿದಾರ’ ಎಂಬ ಈ ಪದದ ತೂಕ ಯಳಂದೂರಿನ ಬೆಂಚಿನ ಮೇಲೆ ಗೊತ್ತಾಗುವುದಿಲ್ಲ. ಈ ಭಾಗದ ಹಳ್ಳಿಗಳಲ್ಲಿ ಆ ವರ್ಷಗಳಲ್ಲಿ ಊಹೆಯೇ ಶಿಕ್ಷೆಯಾಗಿತ್ತು. ಯಾವನೋ ಒಬ್ಬ ಪೊಲೀಸರ ಜೀಪಿನ ಹತ್ತಿರ ನಿಂತಿದ್ದನೆಂದು ಕಂಡರೆ ಇವನೇ ಸುದ್ದಿ ಕೊಟ್ಟವನು ಎಂದು ಕಾಡಿನವನು ಊಹಿಸುತ್ತಿದ್ದ. ಆ ಊಹೆಗೆ ಜೀವ ಹೋಗುತ್ತಿತ್ತು. ಸಂತೆಯಿಂದ ಒಂದು ಸೇರು ಅಕ್ಕಿ ಹೆಚ್ಚಿಗೆ ತಂದರೆ ಇದು ಯಾರಿಗೆ ಎಂದು ಕಾರ್ಯಪಡೆಯವರು ಊಹಿಸುತ್ತಿದ್ದರು. ಆ ಊಹೆಗೆ ಮಹದೇಶ್ವರ ಬೆಟ್ಟದ ಶಿಬಿರ ಕಾದಿತ್ತು. ಅಲ್ಲಿನ ವಿಚಾರಣೆಯ ಜಾಗಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರಿತ್ತು. ಅಲ್ಲಿ ಏನು ನಡೆಯಿತೆಂಬುದನ್ನು ಹಳ್ಳಿಗರು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಹೇಳಿಕೊಂಡರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನೇಮಿಸಿದ ಸಮಿತಿ ಅದು. ಅದರ ವರದಿಯ ಮೇಲೆ 2007ರಲ್ಲಿ ಆಯೋಗ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಶಿಫಾರಸು ಮಾಡಿತು.

ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆಗೊಳಗಾದ ನೂರಕ್ಕೂ ಹೆಚ್ಚು ಟಾಡಾ ಬಂದಿಗಳಲ್ಲಿ ಹೆಚ್ಚಿನವರನ್ನು 2001ರಲ್ಲಿ ಕೋರ್ಟ್ ಬಿಡುಗಡೆ ಮಾಡಿತು. ಅಂದರೆ ಅವರ ಮೇಲಿದ್ದ ಊಹೆ ಸಾಬೀತಾಗಲಿಲ್ಲ. ಅಷ್ಟರಲ್ಲಿ ಅವರ ವರ್ಷಗಳು ಜೈಲಿನಲ್ಲಿ ಕಳೆದುಹೋಗಿದ್ದವು. ಹೊಲ ಪಾಳು ಬಿದ್ದಿದ್ದವು, ಮಕ್ಕಳು ತಂದೆಯ ಗುರುತು ಹಿಡಿಯದಷ್ಟು ಬೆಳೆದಿದ್ದರು.

ಇದು ಗೊತ್ತಾದ ಮೇಲೆ ಕಾಡಂಚಿನ ಹಿರಿಯರ ಮೌನ ಅರ್ಥವಾಗುತ್ತದೆ. ನಾಗಪ್ಪನವರನ್ನು ಕೊಂದದ್ದು ಯಾರೆಂದು ಕೇಳಿದರೆ ಮಾರ್ಟಳ್ಳಿಯಲ್ಲೋ ಕೌದಳ್ಳಿಯಲ್ಲೋ ಒಬ್ಬ ಅಜ್ಜ ಬೀಡಿ ಹಚ್ಚಿ ಮಳೆಯ ಮಾತು ತೆಗೆಯುತ್ತಾನೆ. ಅವನಿಗೆ ಅಭಿಪ್ರಾಯವಿಲ್ಲವೆಂದಲ್ಲ. ಅಭಿಪ್ರಾಯವನ್ನು ಅಪರಿಚಿತರ ಮುಂದೆ ಹೇಳುವ ಕಾಲ ಬಂದಿದೆ ಎಂಬ ನಂಬಿಕೆ ಅವನಿಗಿನ್ನೂ ಬಂದಿಲ್ಲ.

ನಿಗೂಢದ ವ್ಯಾಪಾರ

ಹೊಸ ತಲೆಮಾರಿಗೆ ಆ ಭಯವಿಲ್ಲ, ಇರಬೇಕಾಗಿಯೂ ಇಲ್ಲ. 2013ರಲ್ಲಿ ‘ಅಟ್ಟಹಾಸ’, 2016ರಲ್ಲಿ ‘ಕಿಲ್ಲಿಂಗ್ ವೀರಪ್ಪನ್’ ತೆರೆಗೆ ಬಂದವು. 2023ರಲ್ಲಿ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರ ಸರಣಿ ಬಂತು. ಒಂದೊಂದು ಬಂದಾಗಲೂ ಬೆಂಗಳೂರಿನಿಂದ ಮೋಟರ್ ಸೈಕಲ್ ಏರಿ ಬರುವ ಹುಡುಗರ ಗುಂಪು ಹೆಚ್ಚುತ್ತದೆ. ವೀರಪ್ಪನ್ ಹುಟ್ಟೂರು ಗೋಪಿನಾಥಂನಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುವ ಶಿಬಿರಕ್ಕೆ ಇಟ್ಟ ಹೆಸರೇ ‘ಮಿಸ್ಟರಿ ಟ್ರೇಲ್ಸ್’, ನಿಗೂಢದ ಜಾಡು. ಒಂದು ಕಾಲದಲ್ಲಿ ಊರನ್ನೇ ನುಂಗಿದ್ದ ಭಯ ಈಗ ಅದೇ ಊರಿನ ಕೆಲವರಿಗೆ ಅನ್ನ ಕೊಡುವುದಾದರೆ ಬೇಡವೆನ್ನುವವರು ಯಾರು?

ಆದರೆ ಗೋಪಿನಾಥಂನವರು ಬಂದವರನ್ನು ಕರೆದುಕೊಂಡು ಹೋಗಿ ತೋರಿಸುವುದು ನಿಗೂಢವನ್ನಲ್ಲ, ಮಾರಿಯಮ್ಮನ ಗುಡಿಯನ್ನು. ಅದನ್ನು ಕಟ್ಟಿಸಿಕೊಟ್ಟವರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಆಂಧ್ರದಿಂದ ಬಂದು ಈ ಕಾಡಂಚಿನ ಜನರ ನಡುವೆ ಕೆಲಸ ಮಾಡಿದ ಅವರು ಶರಣಾಗುತ್ತೇನೆಂಬ ವೀರಪ್ಪನ್ ಮಾತನ್ನು ನಂಬಿ 1991ರ ನವೆಂಬರ್ 10ರಂದು ನಿರಾಯುಧರಾಗಿ ಹೊರಟು ಕೊಲೆಯಾದರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಬಂತು. ಆ ಕೊಲೆಯಲ್ಲಿ ಪತ್ತೆ ಮಾಡಬೇಕಾದ್ದು ಏನೂ ಇಲ್ಲ. ಕೊಂದವನು ಯಾರೆಂದು ಎಲ್ಲರಿಗೂ ಗೊತ್ತು. ಅದಕ್ಕೇ ಇರಬೇಕು, ಶ್ರೀನಿವಾಸ್ ಅವರ ವಿಷಯದಲ್ಲಿ ಜನ ಅವರು ಸತ್ತ ಬಗೆಗಿಂತ ಬದುಕಿದ ಬಗೆಯನ್ನು ಹೇಳುತ್ತಾರೆ.

ನಾಗಪ್ಪನವರಿಗೆ ಈ ಭಾಗ್ಯವಿಲ್ಲ. ಉತ್ತರ ಸಿಗದ ಸಾವು ಮನುಷ್ಯನನ್ನು ಒಂದು ಪ್ರಶ್ನೆಗೆ ಇಳಿಸಿಬಿಡುತ್ತದೆ. ಯಳಂದೂರಿನ ಬೆಂಚಿನವರಿಗೆ ಗುಂಡು ಗೊತ್ತು, ದಿಕ್ಕು ಗೊತ್ತು, ಕ್ಯಾಸೆಟ್ ಗೊತ್ತು. ನೂರು ದಿನಕ್ಕೂ ಮೀರಿ ಆ ಕಾಡಿನಲ್ಲಿ ನಡೆದ ವಯಸ್ಸಾದ ಮನುಷ್ಯನ ಕಾಲು ಎಷ್ಟು ನೊಂದಿರಬೇಕೆಂಬುದು ಆ ಮಾತುಗಳ ನಡುವೆ ಬರುವುದೇ ಇಲ್ಲ. ಕಾಮಗೆರೆಯಲ್ಲಿ ಬರುತ್ತದೆ.

ಹಾಗೆಂದು ಪ್ರಶ್ನೆ ಕೇಳುವುದು ತಪ್ಪಲ್ಲ. ಮಾಜಿ ಸಚಿವರೊಬ್ಬರ ಸಾವಿಗೇ ಎಲ್ಲರೂ ಒಪ್ಪುವ ಉತ್ತರ ಸಿಗಲಿಲ್ಲವೆಂದರೆ, ಹೆಸರಿಲ್ಲದೆ ಸತ್ತ ಕೂಲಿಗಳು, ದನಗಾಹಿಗಳ ಪಾಡೇನು ಎಂದು ಕೊಳ್ಳೇಗಾಲದ ಹಿರಿಯರು ಕೇಳುವುದರಲ್ಲಿ ನ್ಯಾಯವಿದೆ. ಚಹಾದಂಗಡಿಯ ಪಂಚಾಯ್ತಿ ಮುಗಿಯದೆ ಇರುವುದಕ್ಕೆ ಅದೂ ಒಂದು ಕಾರಣ.

ಮಾದಪ್ಪನ ಬೆಟ್ಟಕ್ಕೆ ಕೊಳ್ಳೇಗಾಲದಿಂದ ಸುಮಾರು 80 ಕಿ.ಮೀ. ದಿನವಿಡೀ ಬಸ್ಸುಗಳಿವೆ. ಪರಸೆಗೆ ಹೊರಟವರ ಉಘೇ ಉಘೇ ಕೇಳುತ್ತಿರುತ್ತದೆ. ಕಾಮಗೆರೆ ಬಂದಾಗ ಕಿಟಕಿಯ ಹತ್ತಿರ ಕೂತ ಹೊಸಬರು ‘ಯಾವ ಮನೆ?’ ಎಂದು ಕೇಳುತ್ತಾರೆ. ಪಕ್ಕದಲ್ಲಿ ಕೂತ ಊರಿನವರು ಕೈ ತೋರಿಸುತ್ತಾರೆ. ಅದರಾಚೆ ಏನಾದರೂ ಹೇಳಬೇಕೋ ಬೇಡವೋ ಎಂಬುದನ್ನು ಅವರು ಕೇಳಿದವರ ಮುಖ ನೋಡಿ ತೀರ್ಮಾನಿಸುತ್ತಾರೆ.