ಲೊಕೇಶನ್ ಹಾಕಬೇಕಾ, ಬೇಡವಾ? (ಮಳೆ ಡೈರಿ, ಭಾಗ 9)

ಫೋಟೋ 1: ಹದಿನಾಲ್ಕು ಫೋನು, ನಡುವೆ ಒಂದು ಸ್ಟೀಲ್ ಡಬ್ಬಿ

ಡಬ್ಬಿಯಲ್ಲಿರೋದು ಮದ್ದುಪಾಯಸ. ಆ ನೇರಳೆ ಬಣ್ಣ ಫಿಲ್ಟರ್ ಅಲ್ಲ, ಮದ್ದುಸೊಪ್ಪು ಬೇಯಿಸಿದ ನೀರಿನದ್ದೇ. ಕಕ್ಕಡ 18 ಕಳೆದ ಮೊದಲ ಭಾನುವಾರ ಅದು. "ನಾಳೆ ಬೆಳಿಗ್ಗೆ ಬಾತ್‌ರೂಮಲ್ಲಿ ಕೆಂಪು ಕಂಡ್ರೆ ಹೆದರಬೇಡಿ" ಅಂತ ಡಬ್ಬಿ ತಂದ ಅಕ್ಕ ಮೊದಲೇ ಎಚ್ಚರಿಸಿದ್ರು. ಆದ್ರೂ ಹತ್ತು ನಿಮಿಷ ಯಾರೂ ಚಮಚ ಮುಟ್ಟಲಿಲ್ಲ. ಮೊದಲು ಎಲ್ಲರೂ ಫೋಟೋ ತೆಗೀಬೇಕಿತ್ತಲ್ಲ!

ಕೊಡಗಿನ ಬಗ್ಗೆ ಪೇಜ್, ಬ್ಲಾಗ್, ವ್ಲಾಗ್ ಅಂತ ಏನಾದ್ರೂ ಒಂದು ನಡೆಸೋ ನಾವು 14 ಜನ ಮಡಿಕೇರಿಯ ಒಂದು ಹೋಟೆಲ್ ಮಹಡಿಯಲ್ಲಿ ಸೇರಿದ್ವಿ. ಹೊರಗೆ ಜಡಿಮಳೆ, ಒಳಗೆ ಕರೆಂಟ್ ಇಲ್ಲ. ಇಷ್ಟು ದಿನ ಡಿಪಿ ನೋಡಿ ಮಾತ್ರ ಗೊತ್ತಿದ್ದವರು ಎದುರಿಗೆ ಬಂದ್ರೆ ಒಂಥರಾ ನಾಚಿಕೆ ಆಗುತ್ತೆ. ಹಕ್ಕಿ ಫೋಟೋ ಹಾಕುವ ಅಣ್ಣನಿಗೆ ಐವತ್ತು ವರ್ಷ ಇರಬಹುದು ಅಂದ್ಕೊಂಡಿದ್ದೆ, ನೋಡಿದ್ರೆ ನನಗಿಂತ ನಾಲ್ಕೇ ವರ್ಷ ದೊಡ್ಡವರು.

ನಮ್ಮಲ್ಲಿ ಹಿರಿಯರು ಅಂದ್ರೆ ಒಬ್ಬರು ನಿವೃತ್ತ ಮೇಷ್ಟ್ರು. 2008ರ ಮಾರ್ಚ್ 16ಕ್ಕೆ ಬೆಂಗಳೂರಿನ ಬಸವನಗುಡಿಯಲ್ಲಿ ಕನ್ನಡ ಬ್ಲಾಗ್ ಬರೆಯೋರೆಲ್ಲ ಸೇರಿದ್ದ ಕೂಟಕ್ಕೆ ಹೋಗಿದ್ರಂತೆ. "ಆಗ ನಮ್ಮ ತಲೆನೋವೇ ಬೇರೆ ಕಣಮ್ಮ, ಕಂಪ್ಯೂಟರಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡಿದ್ರೆ ಸಾಕಿತ್ತು" ಅಂದ್ರು. ಆಗ ನನಗೆ ಅಂಗನವಾಡಿಗೆ ಹೋಗುವ ವಯಸ್ಸೂ ಆಗಿರಲಿಲ್ಲ.

ಫೋಟೋ 2: ಖಾಲಿ ತಟ್ಟೆಗಳು. ಜಗಳ ಶುರುವಾಗಿದ್ದು ಇಲ್ಲಿಂದ

ಹಕ್ಕಿ ಅಣ್ಣ ಸುಮ್ಮನೆ ಒಂದು ಮಾತು ಅಂದ್ರು. "ನಾನು ಗೂಡಿನ ಲೊಕೇಶನ್ ಯಾವತ್ತೂ ಹಾಕಲ್ಲ. ಜಾಗಗಳದ್ದೂ ಹಾಗೇ ಮಾಡಬೇಕು."

ಅಷ್ಟೇ! ವಿರಾಜಪೇಟೆ ಕಡೆ ಹೋಂಸ್ಟೇ ನಡೆಸುವ ಅಕ್ಕ ಚಮಚ ಕೆಳಗಿಟ್ರು. "2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿತು. ನಮ್ಮೂರಲ್ಲಿ ಒಂದು ಹೆಂಚೂ ಬಿದ್ದಿರಲಿಲ್ಲ. ಆದ್ರೂ ಟಿವಿ ನೋಡಿದವರು ಇಡೀ ಕೊಡಗೇ ಹೋಯ್ತು ಅಂದ್ಕೊಂಡ್ರು, ತಿಂಗಳುಗಟ್ಟಲೆ ನಮ್ಮ ರೂಮು ಖಾಲಿ. ಆಗ ಬನ್ನಿ ಬನ್ನಿ ಅಂತ ಬರೆದವರು ನಾವೇ ತಾನೇ? ಈಗ ಯಾವ ಬಾಯಲ್ಲಿ ಬರಬೇಡಿ ಅನ್ನೋದು?"

ಇದಕ್ಕೆ ಉತ್ತರ ಕೊಡೋದು ಸುಲಭ ಇಲ್ಲ, ಯೋಚನೆ ಮಾಡಿ ನೋಡಿ. ಅವರ ಲೋನ್ ಕಂತು ಕಟ್ಟೋದು ಹಕ್ಕಿ ಅಣ್ಣ ಅಲ್ಲ.

ಇನ್ನೊಬ್ಬ ಹುಡುಗ ಮಾಂದಲಪಟ್ಟಿ ವಿಷಯ ತೆಗೆದ. ಅದೇ 2008ರಲ್ಲಿ 'ಗಾಳಿಪಟ' ಬಂತು. ಸಿನಿಮಾದಲ್ಲಿ ಆ ಬೆಟ್ಟಕ್ಕೆ ಇಟ್ಟಿದ್ದು ಮುಗಿಲುಪೇಟೆ ಅನ್ನೋ ಕಟ್ಟುಹೆಸರು. "ನಿಜವಾದ ಹೆಸರು ಹೇಳದಿದ್ರೂ ಜನ ಹುಡುಕಿಕೊಂಡು ಬಂದ್ರಲ್ಲ! ಈಗ ಎಷ್ಟು ಜೀಪು ಓಡ್ತವೆ ನೋಡಿ. ನಾವು ಟ್ಯಾಗ್ ತೆಗೆದ್ರೆ ಏನಾಗುತ್ತೆ, ಗೂಗಲ್ ಇಲ್ವಾ?" ಅಂದ. ಮೇಷ್ಟ್ರು ಜೋರಾಗಿ ನಕ್ಕರು. ಹಕ್ಕಿ ಅಣ್ಣ ನಗಲಿಲ್ಲ.

ಮಧ್ಯದಲ್ಲಿ ಭಾಷೆ ಜಗಳವೂ ಬಂತು. 2011ರ ಜನಗಣತಿ ಪ್ರಕಾರ ಕೊಡವ ಮಾತೃಭಾಷೆಯವರು ಸುಮಾರು 1,13,000, ಜಿಲ್ಲೆಯ ಜನಸಂಖ್ಯೆ 5,54,000 ದಾಟಿದೆ. "ನಾವೇ ಕೊಡವ ತಕ್ಕಲ್ಲಿ ಬರೆಯದಿದ್ರೆ ಇನ್ಯಾರು ಬರೀತಾರೆ?" ಅಂತ ಒಬ್ಬಳು. "ಹಾಗಾದ್ರೆ ಅರೆಭಾಷೆ? ಎರವರ ಮಾತು?" ಅಂತ ಇನ್ನೊಬ್ಬ. ಆಮೇಲೆ ನನ್ನ ಕಡೆ ತಿರುಗಿ, "ನೀನು ಶನಿವಾರಸಂತೆಯವಳು, ನಾಪೋಕ್ಲು ಕಡೆಯ ಹಬ್ಬದ ಬಗ್ಗೆ ನಿನಗೇನು ಗೊತ್ತು ಅಂತ ಬರೀತೀಯಾ?" ಅಂದ್ಲು. ತಮಾಷೆಗೇ ಅಂದಿದ್ದು. ಆದ್ರೆ ತಾಗಿತು.

ಯಾರೂ ಜಗಳ ಮಾಡದ ವಿಷಯ ಅಂದ್ರೆ ಹಾಕಿ ಒಂದೇ. 1997ರಲ್ಲಿ ಕರಡದಲ್ಲಿ 60 ಕುಟುಂಬದ ತಂಡಗಳಿಂದ ಶುರುವಾಗಿದ್ದು 2024ಕ್ಕೆ 360 ತಂಡ ಆಯ್ತು. ಅದಕ್ಕೆ ಎಷ್ಟು ದೊಡ್ಡ ಲೊಕೇಶನ್ ಬೇಕಾದ್ರೂ ಹಾಕಿ, ಎಲ್ಲರಿಗೂ ಖುಷಿ.

ಫೋಟೋ 3: ಕಿಟಕಿ, ಮಳೆ, ನನ್ನ ಅರ್ಧ ಮುಖ

ಆಗ ಯಾರೋ ಹೇಳಿದ್ರು. "ದೇವರಕಾಡಿನ ವಿಷಯ ಕೇಳಿದ್ರಾ? ಯಾರೋ ಮಣ್ಣಿನ ನಾಯಿಗಳ ರೀಲ್ ಹಾಕಿದ್ರಂತೆ, ಲೊಕೇಶನ್ ಸಮೇತ. ಮೂರೇ ವಾರದಲ್ಲಿ ಒಂದು ನಾಯಿ ಕಳವಾಯ್ತಂತೆ. ಶೋಕೇಸಲ್ಲಿ ಇಡೋಕೆ!"

ಎಲ್ಲರೂ ಛೀ ಅಂದ್ರು. ನಾನೂ ಅಂದೆ.

ಆ ರೀಲ್ ನಂದು.

ಕೊಡಗಿನ ಹೊರಗಿನವರಿಗೆ ಸ್ವಲ್ಪ ಹೇಳಿಬಿಡ್ತೀನಿ. ನಮ್ಮ ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಮರ ಕಡಿಯೋ ಹಾಗಿಲ್ಲ, ಬೇಟೆ ಆಡೋ ಹಾಗಿಲ್ಲ. ಕೆಲವು ಕಡೆ ಎರಡು ತೋಟದ ನಡುವೆ ನಾಲ್ಕು ಮರ ಉಳಿದಿದ್ರೂ ಅದು ದೇವರದ್ದೇ. ಅಯ್ಯಪ್ಪನ ಬನಗಳಲ್ಲಿ ಹರಕೆಗೆ ಮಣ್ಣಿನ ನಾಯಿ ಒಪ್ಪಿಸ್ತಾರೆ. ಹಳೆಯವು ಪಾಚಿ ಹಿಡಿದು, ಮುರಿದು, ಮತ್ತೆ ಮಣ್ಣೇ ಆಗ್ತವೆ. ಯಾರೂ ಅವನ್ನ ಎತ್ತಿಡಲ್ಲ, ಒರೆಸಲ್ಲ.

ಮೇ ತಿಂಗಳಲ್ಲಿ ಗೆಳತಿಯ ಊರಿಗೆ ಹೋದಾಗ ನೋಡಿದ್ದೆ. ನಾನು ಒಳಗೆ ಹೋಗಲಿಲ್ಲ, ಚಪ್ಪಲಿ ಬಿಟ್ಟು ಅಂಚಲ್ಲೇ ನಿಂತು ಜೂಮ್ ಮಾಡಿದೆ. ಅಷ್ಟು ಮರ್ಯಾದೆ ಗೊತ್ತಿತ್ತು. ಆಮೇಲೆ ಮನೆಗೆ ಬಂದು ಅದೇ ಬೆರಳಲ್ಲಿ ಊರಿನ ಹೆಸರು ಒತ್ತಿದೆ. ಯಾಕೆ ಅಂದ್ರೆ ಟ್ಯಾಗ್ ಇದ್ರೆ ಜಾಸ್ತಿ ಜನ ನೋಡ್ತಾರೆ. ಬೇರೆ ಯಾವ ಕಾರಣವೂ ಇರಲಿಲ್ಲ. 41,000 ಜನ ನೋಡಿದ್ರು. ನಾನು ಸ್ಕ್ರೀನ್‌ಶಾಟ್ ತೆಗೆದು ಅಮ್ಮನಿಗೆ ಕಳಿಸಿದ್ದೆ.

ನಾಯಿ ಕಳವಾದ ಸುದ್ದಿ ಗೆಳತಿ ಜೂನಲ್ಲೇ ಹೇಳಿದ್ಲು. ರೀಲ್ ಡಿಲೀಟ್ ಮಾಡಿದೆ. ಆಮೇಲೆ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೋಟೆಲಲ್ಲಿ ಒಪ್ಪಿಕೊಳ್ಳಬೇಕಿತ್ತು. ಬಾಯಿ ಬರಲಿಲ್ಲ. ಬಿಲ್ ಬಂದಾಗ ತಲೆಗೆ ಎಷ್ಟು ಅಂತ ಲೆಕ್ಕ ಹಾಕಿ ಕೊಟ್ಟೆ. ಬಿಕಾಂ ಓದುವವಳು ಅಂತ ಆ ಕೆಲಸ ಎಲ್ಲ ಕಡೆ ನನಗೇ ಬರುತ್ತೆ, ಅವತ್ತು ತಲೆ ತಗ್ಗಿಸೋಕೆ ಅದೇ ನೆಪ ಆಯ್ತು.

ಫೋಟೋ 4: ಇಲ್ಲ

ಕಳೆದ ಶನಿವಾರ ಗೆಳತಿಯ ಊರಿಗೆ ಹೋದೆ. ಅವಳ ಅಜ್ಜ ಜಗಲಿಯಲ್ಲಿ ಕೂತು ಕರಿಕಾಫಿ ಕುಡೀತಿದ್ರು. ನಿಂತುಕೊಂಡೇ ಎಲ್ಲ ಹೇಳಿದೆ.

ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಜನ ನೋಡಿದ್ರು?"

"ನಲವತ್ತೊಂದು ಸಾವಿರ, ಅಜ್ಜ."

"ಅಬ್ಬಾ. ನಮ್ಮ ಹಬ್ಬಕ್ಕೆ ನಾನೂರು ಜನ ಬಂದ್ರೇ ಅನ್ನ ಸಾಕಾಗಲ್ಲ" ಅಂದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು. ಆ ನಾಯಿ ಇಟ್ಟಿದ್ದು ತೋಟದ ಲೈನ್‌ಮನೆಯ ಒಬ್ಬ ಅಜ್ಜಿ, ಮಗನ ಕಾಲು ಸರಿಹೋಗಲಿ ಅಂತ. ನಾಯಿ ಹೋದ ದಿನದಿಂದ ಹರಕೆ ಮುರಿದು ಹೋಯ್ತೇನೋ ಅನ್ನೋ ಹೆದರಿಕೆ ಅವರಿಗೆ. ಹರಕೆ ಒಪ್ಪಿಸಿದ ಮೇಲೆ ಅದು ದೇವರ ಲೆಕ್ಕ, ಕದ್ದವನ ತಲೆಗೇ ಹೋಗುತ್ತೆ ಅಂತ ಅಜ್ಜ ಎಷ್ಟು ಹೇಳಿದ್ರೂ ಆಕೆಗೆ ಸಮಾಧಾನ ಇಲ್ಲವಂತೆ. ಅಂಥದ್ದೇ ಇನ್ನೊಂದು ಮಾಡಿಸಿಕೊಡಿ ಅಂತ ಕೇಳ್ತಿದ್ದಾರೆ.

ನಾನು ದುಡ್ಡು ಕೊಡ್ತೀನಿ ಅಂದೆ. ಅಜ್ಜ ಬೇಡ ಅಂತ ತಲೆಯಾಡಿಸಿದ್ರು.

"ಆ ಫೋಟೋ ಇದೆಯಾ ನಿನ್ನ ಹತ್ರ? ಕುಂಬಾರನಿಗೆ ತೋರಿಸಬೇಕು. ಬಾಲ ಹೇಗಿತ್ತು ಅಂತ ನಮಗೆ ಯಾರಿಗೂ ನೆನಪಿಲ್ಲ."

ರೀಲ್ ಅಳಿಸಿದ್ರೂ ಫೋಟೋ ಫೋನಲ್ಲಿ ಇತ್ತು. ಸೋಮವಾರ ಕಾಲೇಜು ಮುಗಿಸಿ ಮಡಿಕೇರಿಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದೆ. ಸ್ಟುಡಿಯೋದವರು ನೋಡಿ, "ಚೆನ್ನಾಗಿದೆ, ಯಾವ ಜಾಗ ಇದು?" ಅಂದ್ರು.

ಎಷ್ಟಾಯ್ತು ಅಂತ ಕೇಳಿ, ದುಡ್ಡು ಕೊಟ್ಟು, ಪ್ರಿಂಟನ್ನ ನೋಟ್‌ಬುಕ್ ಒಳಗಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ. ನಾಪೋಕ್ಲು ಬಸ್ಸಿಗೆ ಇನ್ನು ಐದೇ ನಿಮಿಷ ಇತ್ತು.