‘ಜ್ವರ ತಲಿಗೇರೇತಿ’ ಅಂದರೆ ಸಾಲದು

ನಮ್ಮ ಅಮ್ಮಿನಬಾವಿ ಕಡೆ ಜ್ವರ ಬಂದ ಮಗು ಬಡಬಡಿಸಿದರೆ, ಫಿಟ್ಸ್ ಬಂದರೆ, ಹೆತ್ತ ತಾಯಿಯ ಗುರುತು ಹಿಡಿಯದಿದ್ದರೆ ‘ಜ್ವರ ತಲಿಗೇರೇತಿ’ ಅಂತಾರೆ. ಡಾಕ್ಟರು ಇದನ್ನು ಎನ್ಸೆಫಲೈಟಿಸ್ ಅಂತಾರೆ, ಅಂದರೆ ಮಿದುಳಿನ ಉರಿಯೂತ. ವೈರಸ್‌ನಿಂದ ಬಂದರೆ ವೈರಲ್ ಎನ್ಸೆಫಲೈಟಿಸ್. ಊರಾಗ ಏನಂದರೂ ನಡೆಯುತ್ತದೆ. ಆದರೆ ಆಸ್ಪತ್ರೆಯ ಕಾಗದದಲ್ಲಿ ಯಾವ ಹೆಸರು ಬಿದ್ದಿದೆ ಅನ್ನೋದರ ಮೇಲೆ ಬಹಳಷ್ಟು ನಿಂತಿದೆ.

ನಮ್ಮ ಓಣಿಯ ದೊಡ್ಡವ್ವ ಒಂದು ಸಂಜೆ ಪ್ಲಾಸ್ಟಿಕ್ ಚೀಲ ಹಿಡಿದು ಮನೆಗೆ ಬಂದಳು. ಒಳಗೆ ಮೊಮ್ಮಗನ ಡಿಸ್ಚಾರ್ಜ್ ಕಾಗದ. ಹುಡುಗನಿಗೆ ಏಳು ವರ್ಷ. ಹಿಂದಿನ ಮಳೆಗಾಲದಲ್ಲಿ ಹನ್ನೊಂದು ದಿನ ಖಾಸಗಿ ಆಸ್ಪತ್ರೆಯಲ್ಲಿದ್ದ. ಜೀವ ಉಳಿಯಿತು. ಆದರೆ ಈಗ ಮಾತು ತಡವರಿಸುತ್ತದೆ, ಬಲಗೈ ಸರಿಯಾಗಿ ಏಳುವುದಿಲ್ಲ, ಶಾಲೆಯಲ್ಲಿ ಕಲಿತದ್ದು ನಿಲ್ಲುವುದಿಲ್ಲ. ಅಂಗವಿಕಲರ ಪ್ರಮಾಣಪತ್ರಕ್ಕೆ ಹೋದಾಗ ಅಲ್ಲಿನ ಡಾಕ್ಟರು ಕಾಗದ ನೋಡಿ, ಇದರಲ್ಲಿ ಮಿದುಳಿನ ಕಾಯಿಲೆಯ ಮಾತೇ ಇಲ್ಲವಲ್ಲ ಅಂದರಂತೆ.

“ತಮ್ಮಾ, ನೀ ಪೇಪರಿಗೆ ಬರಿಯಾಂವ. ಇದರಾಗ ಏನೈತಿ ಓದಿ ಹೇಳೋ” ಅಂದಳು.

ಓದಿದೆ. ರೋಗದ ಹೆಸರಿನ ಜಾಗದಲ್ಲಿ ಇದ್ದದ್ದು ಇಷ್ಟೇ: ‘ಜ್ವರ, ಫಿಟ್ಸ್’.

ಆಸ್ಪತ್ರೆಗಳಲ್ಲಿ ಪ್ರತಿ ರೋಗಕ್ಕೂ ಒಂದು ಕೋಡ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಈ ಪಟ್ಟಿಗೆ ಐಸಿಡಿ ಅಂತ ಹೆಸರು. ಅದರ ಹತ್ತನೇ ಆವೃತ್ತಿಯಲ್ಲಿ ಜಪಾನೀಸ್ ಎನ್ಸೆಫಲೈಟಿಸ್‌ಗೆ ಎ83.0, ಹರ್ಪೀಸ್ ವೈರಸ್‌ನಿಂದ ಬಂದದ್ದಕ್ಕೆ ಬಿ00.4, ಯಾವ ವೈರಸ್ ಅಂತ ತಿಳಿಯದಿದ್ದರೆ ಎ86. ಬರೀ ಜ್ವರದ ಫಿಟ್ಸ್ ಆದರೆ ಆರ್56.0. ನೋಡಲು ಅಂಕಿ ಅಷ್ಟೇ. ಆದರೆ ಎ86 ಅಂದರೆ ಮಿದುಳಿಗೆ ಪೆಟ್ಟು ಬಿದ್ದಿದೆ ಅಂತ. ಆರ್56.0 ಅಂದರೆ ಸಣ್ಣ ಮಕ್ಕಳಲ್ಲಿ ಬಂದು ಹೋಗುವ, ಸಾಮಾನ್ಯವಾಗಿ ಏನೂ ಉಳಿಸದ ತೊಂದರೆ. ನಮ್ಮ ಹುಡುಗ ಕಾಗದದ ಮೇಲೆ ಎರಡನೆಯದಾಗಿಬಿಟ್ಟಿದ್ದ.

ಹುಡುಗನ ಅಪ್ಪನ ಜೊತೆ ನಾನೂ ಆ ಆಸ್ಪತ್ರೆಗೆ ಹೋದೆ. ಮೊದಲು “ಹಳೇ ಫೈಲ್ ಕೊಡಾಕ ಬರೂದಿಲ್ಲ” ಅಂದರು. ನಾವು ಅರ್ಜಿ ಬರೆದು ಕೊಟ್ಟೆವು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು, ರೋಗಿ ಅಥವಾ ಮನೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅದನ್ನೂ ಅರ್ಜಿಯಲ್ಲಿ ಬರೆದೆವು. ಮೂರನೇ ದಿನ ಪ್ರತಿ ಸಿಕ್ಕಿತು.

ಫೈಲಿನ ಒಳಗೆ ಎಲ್ಲವೂ ಇತ್ತು. ಬೆನ್ನುಹುರಿಯಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಜಪಾನೀಸ್ ಎನ್ಸೆಫಲೈಟಿಸ್ ಅಲ್ಲ ಅಂತ ವರದಿ ಬಂದಿತ್ತು. ಸ್ಕ್ಯಾನ್‌ನಲ್ಲಿ ಮಿದುಳು ಊದಿದ್ದು ಕಂಡಿತ್ತು. ನಾಲ್ಕನೇ ದಿನ ದೊಡ್ಡ ಡಾಕ್ಟರು ‘ವೈರಲ್ ಎನ್ಸೆಫಲೈಟಿಸ್, ಕಾರಣ ತಿಳಿದಿಲ್ಲ’ ಅಂತ ಬರೆದಿದ್ದರು. ಮನೆಗೆ ಕಳಿಸುವಾಗ ಕಾಗದ ತುಂಬಿದವರು ಮೊದಲ ದಿನದ ಸಾಲನ್ನೇ ಇಳಿಸಿದ್ದರು. ಅಲ್ಲಿ ಕೋಡ್ ಹಾಕುವ ಹುಡುಗ ಹೇಳಿದ: “ಸರ್, ಡಾಕ್ಟರು ಬರದಿದ್ದಕ್ಕ ನಾ ಕೋಡ್ ಹಾಕ್ತೀನಿ. ಡಿಸ್ಚಾರ್ಜದಾಗ ಇಲ್ದಿದ್ದನ್ನ ನಾ ಎಲ್ಲಿಂದ ತರ್ಲಿ?”

ಇದು ಒಂದು ಮನೆಯ ಕಥೆ ಅಷ್ಟೇ ಅಲ್ಲ. ಜ್ವರದ ಜೊತೆ ಪ್ರಜ್ಞೆ ತಪ್ಪಿದರೆ ಅಥವಾ ಹೊಸದಾಗಿ ಫಿಟ್ಸ್ ಬಂದರೆ ಅದನ್ನು ಸರ್ಕಾರಕ್ಕೆ ವರದಿ ಮಾಡುವ ವ್ಯವಸ್ಥೆ ಇದೆ. ಒಂದೇ ಕಡೆಯಿಂದ ಇಂಥ ವರದಿ ಹೆಚ್ಚಾದರೆ ಆರೋಗ್ಯ ಇಲಾಖೆ ರಕ್ತ ಪರೀಕ್ಷೆ, ಸೊಳ್ಳೆ ನಿಯಂತ್ರಣ, ಲಸಿಕೆಯ ಕಡೆ ನೋಡುತ್ತದೆ. 1970ರ ದಶಕದ ಕೊನೆಗೆ ಕೋಲಾರದ ಕಡೆ ಜಪಾನೀಸ್ ಎನ್ಸೆಫಲೈಟಿಸ್ ಮಕ್ಕಳನ್ನು ಕಾಡಿತ್ತು. 2022ರ ಡಿಸೆಂಬರಿನಲ್ಲಿ ನಮ್ಮ ಪಕ್ಕದ ಗದಗ, ಹಾವೇರಿ, ಬಾಗಲಕೋಟೆ ಸೇರಿ ಇನ್ನಷ್ಟು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ಅಭಿಯಾನ ನಡೆಯಿತು. ಯಾವ ಜಿಲ್ಲೆಗೆ ಲಸಿಕೆ ಬೇಕು ಅನ್ನೋದು ಇಂಥ ದಾಖಲೆಗಳಿಂದಲೇ ಗೊತ್ತಾಗೋದು.

‘ಕಾರಣ ತಿಳಿದಿಲ್ಲ’ ಅಂತ ಬರೆದರೂ ಉಪಯೋಗವಿದೆ. ಉತ್ತರ ಪ್ರದೇಶದ ಗೋರಖಪುರ ಕಡೆ 2005ರಲ್ಲಿ ಮಿದುಳು ಜ್ವರಕ್ಕೆ ಸಾವಿರಕ್ಕೂ ಹೆಚ್ಚು ಜೀವ ಹೋದವು, ಹೆಚ್ಚಿನವರು ಮಕ್ಕಳು. ಮರುವರ್ಷದಿಂದ ಲಸಿಕೆ ಬಂತು. ಆದರೂ ಕಾರಣ ತಿಳಿಯದ ಕೇಸುಗಳು ಬರುತ್ತಲೇ ಇದ್ದವು. ಹಾಗೆ ದಾಖಲಾದವರನ್ನು ಮತ್ತೆ ಪರೀಕ್ಷಿಸಿದಾಗ ಬಹಳ ಮಕ್ಕಳಲ್ಲಿ ಸಿಕ್ಕಿದ್ದು ವೈರಸ್ಸೇ ಅಲ್ಲ, ಸ್ಕ್ರಬ್ ಟೈಫಸ್. ಗಿಡಗಂಟಿಯಲ್ಲಿರುವ ಸಣ್ಣ ಹುಳ ಕಚ್ಚಿ ಬರುವ ಈ ರೋಗಕ್ಕೆ ಬೇಗ ಕೊಟ್ಟರೆ ಕಡಿಮೆ ಬೆಲೆಯ ಮಾತ್ರೆಯೇ ಸಾಕು. ಆ ಮಕ್ಕಳೆಲ್ಲರ ಕಾಗದದಲ್ಲಿ ಬರೀ ‘ಜ್ವರ’ ಅಂತ ಇದ್ದಿದ್ದರೆ ಹುಡುಕುವವರು ಯಾರನ್ನು ಹುಡುಕಬೇಕಿತ್ತು?

ನಮ್ಮ ಹುಡುಗನ ಕಾಗದವನ್ನು ಆ ದೊಡ್ಡ ಡಾಕ್ಟರು ತಿದ್ದಿ ಸಹಿ ಮಾಡಿಕೊಟ್ಟರು. ಪ್ರಮಾಣಪತ್ರದ ಅರ್ಜಿ ಈಗ ಮುಂದೆ ಹೋಗಿದೆ. ಮಾತು ಇನ್ನೂ ಸರಿಹೋಗಿಲ್ಲ.

ಓದುವವರಿಗೆ ನಾನು ಹೇಳೋದಿಷ್ಟು. ಮಕ್ಕಳಿಗೆ ಜ್ವರದ ಜೊತೆ ಫಿಟ್ಸ್ ಬಂದರೆ, ಮಂಪರು ಹಿಡಿದರೆ ದೇವರ ನೂಲು ಕಟ್ಟುತ್ತ ಹೊತ್ತು ಕಳೆಯಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮನೆಗೆ ಕಳಿಸುವ ದಿನ ಬಿಲ್ ನೋಡುವಷ್ಟೇ ನಿಗಾ ಇಟ್ಟು ಡಿಸ್ಚಾರ್ಜ್ ಕಾಗದ ನೋಡಿರಿ. “ಡಾಕ್ಟರೇ, ರೋಗದ ಹೆಸರು ಏನಂತ ಬರೆದೀರಿ? ನೀರಿನ ಪರೀಕ್ಷೆಯ ವರದಿ ಹಚ್ಚೀರೇನು? ಇನ್ನೂ ಬರಬೇಕಾದ ವರದಿ ಐತೇನು?” ಅಂತ ಕೇಳಿರಿ. ಓದಲು ಬಾರದಿದ್ದರೆ ಆಶಾ ಅಕ್ಕನಿಗೋ ಶಾಲೆಯ ಮಾಸ್ತರಿಗೋ ತೋರಿಸಿರಿ. ಮೊಬೈಲಿನಲ್ಲಿ ಫೋಟೊ ತೆಗೆದಿಡಿರಿ. ಕಾಗದ ತಿದ್ದಿಸುವುದು ಆಸ್ಪತ್ರೆ ಬಿಡುವ ದಿನ ಹತ್ತು ನಿಮಿಷದ ಕೆಲಸ. ವರ್ಷ ಕಳೆದ ಮೇಲೆ ಬಸ್ ಚಾರ್ಜು, ಕೂಲಿ ಎರಡೂ ಹೋಗುತ್ತವೆ.